ಆರು ತಿಂಗಳು ಪಕ್ಕದಲ್ಲೇ ಕುಳಿತಿದ್ದ ಗೆಳತಿ ಸಾಮಿ ಎಂದು ತಿಳಿದ ದಿನ

ಪ್ರಶ್ನೆ: ನಾನು ಶಿರಸಿಯ ಕಡೆಯವಳು. ಕಳೆದ ಆಗಸ್ಟ್‌ನಿಂದ ನಾರ್ವೆಯ ಟ್ರೋಮ್ಸೊ ನಗರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬಗ್ಗೆ ಬರುವ ಮೊದಲೇ ಸ್ವಲ್ಪ ಓದಿಕೊಂಡಿದ್ದೆ. ನವೆಂಬರ್‌ನಲ್ಲಿ ಪ್ರವಾಸಿಗರ ಜೊತೆ ಊರ ಹೊರಗಿನ ಒಂದು ಶಿಬಿರಕ್ಕೆ ಹೋಗಿ ಹಿಮಸಾರಂಗಗಳಿಗೆ ಮೇವು ತಿನ್ನಿಸಿ, ಡೇರೆಯಲ್ಲಿ ಕುಳಿತು ಹಾಡು ಕೇಳಿ, ಫೋಟೊ ತೆಗೆಸಿಕೊಂಡು ಬಂದೆ. ಮರುದಿನ ತರಗತಿಯಲ್ಲಿ ನನ್ನ ಪಕ್ಕ ಕೂರುವ ಗೆಳತಿಗೆ ಅವನ್ನು ತೋರಿಸಿ, ‘ನಿನ್ನೆ ನಿಜವಾದ ಸಾಮಿಗಳನ್ನು ನೋಡಿ ಬಂದೆ’ ಎಂದೆ. ಅವಳು ನಕ್ಕು ಸುಮ್ಮನಾದಳು. ಫೆಬ್ರುವರಿ 6ರಂದು ಅದೇ ಗೆಳತಿ ಕೆಂಪು ಅಂಚಿನ ನೀಲಿ ಉಡುಪು ತೊಟ್ಟು, ಎದೆಯ ಮೇಲೆ ಬೆಳ್ಳಿಯ ಪದಕ ಸಿಕ್ಕಿಸಿಕೊಂಡು ತರಗತಿಗೆ ಬಂದಳು. ಆರು ತಿಂಗಳಲ್ಲಿ ಒಮ್ಮೆಯೂ ತಾನು ಸಾಮಿ ಎಂದು ಹೇಳಿರಲಿಲ್ಲ. ನನಗೆ ತುಂಬ ನಾಚಿಕೆಯಾಗಿದೆ. ಅವಳಿಗೆ ಏನೆಂದು ಹೇಳಲಿ? ಈ ಸಂಸ್ಕೃತಿಯನ್ನು ಯಾರ ಮನಸ್ಸೂ ನೋಯದಂತೆ ತಿಳಿದುಕೊಳ್ಳುವುದು ಹೇಗೆ? ಪ್ರಬಂಧಕ್ಕಾಗಿ ಕೆಲವು ಸಾಮಿ ಹಿರಿಯರನ್ನು ಮಾತನಾಡಿಸುವ ಆಸೆಯೂ ಇದೆ. ಅದು ಸರಿಯೇ?

ಉತ್ತರ: ನಿಮ್ಮ ಗೆಳತಿ ಆರು ತಿಂಗಳು ಏನೂ ಹೇಳಲಿಲ್ಲ ಎಂದು ಬರೆದಿದ್ದೀರಿ. ನೀವು ಕಲಿಯಬೇಕಾದ ಮೊದಲ ಪಾಠ ಆ ಮೌನದಲ್ಲಿಯೇ ಇದೆ. ಡೇರೆ, ಹಾಡು, ಹಿಮಸಾರಂಗಗಳನ್ನು ಆಮೇಲೆ ನೋಡೋಣ. ಆ ಮೌನ ಎಲ್ಲಿಂದ ಬಂತೆಂದು ತಿಳಿದರೆ ಟ್ರೋಮ್ಸೊ ನಗರವೇ ನಿಮಗೆ ಬೇರೆಯಾಗಿ ಕಾಣುತ್ತದೆ. ಆ ಭಾಗದ ಕಡಲ ಹಳ್ಳಿಗಳಲ್ಲಿ ಭಾಷೆಯ ಅಧ್ಯಯನಕ್ಕೆಂದು ಹಲವು ವರ್ಷ ಓಡಾಡಿದವನು ನಾನು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನೀವಿರುವ ಊರಿನ ಹೆಸರಿನಿಂದ ಹೊರಡೋಣ. ಟ್ರೋಮ್ಸೊ ನಗರಕ್ಕೆ ಉತ್ತರ ಸಾಮಿ ಭಾಷೆಯಲ್ಲಿ ರೊಮ್ಸಾ ಎನ್ನುತ್ತಾರೆ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗ ಮತ್ತು ರಷ್ಯಾದ ಕೋಲಾ ಪರ್ಯಾಯದ್ವೀಪ ಸೇರಿ ಸಾಮಿಗಳ ನಾಡು. ಅದನ್ನು ಅವರು ಸಾಪ್ಮಿ ಎಂದು ಕರೆಯುತ್ತಾರೆ. ನಾಲ್ಕು ದೇಶಗಳ ಗಡಿಗೆರೆಗಳು ಆ ನಾಡಿನ ಮೇಲೆ ಆಮೇಲೆ ಬಿದ್ದವು. ಸಾಮಿಗಳ ಒಟ್ಟು ಸಂಖ್ಯೆ ಸುಮಾರು 80,000ದಿಂದ 1,00,000 ಎಂಬ ಅಂದಾಜಿದೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ನಾರ್ವೆಯಲ್ಲಿದ್ದಾರೆ. ಹಳೆಯ ಪುಸ್ತಕಗಳಲ್ಲಿ ನೀವು ‘ಲ್ಯಾಪ್’ ಎಂಬ ಪದವನ್ನು ಕಂಡಿರಬಹುದು. ಅದು ಹೊರಗಿನವರು ಇಟ್ಟ, ಹೀಗಳೆಯುವ ಹೆಸರು. ಎಲ್ಲಿಯೂ ಬಳಸಬೇಡಿ.

ಸಾಮಿ ಎಂದೊಡನೆ ಹಿಮಸಾರಂಗ ಕಣ್ಣಮುಂದೆ ಬರುವುದು ಸಹಜ. ಜಾಹೀರಾತುಗಳೆಲ್ಲ ಅದನ್ನೇ ತೋರಿಸುತ್ತವೆ. ಆದರೆ ಇಂದು ಹಿಮಸಾರಂಗ ಸಾಕಣೆಯಿಂದ ಬದುಕುವವರು ಹತ್ತರಲ್ಲಿ ಒಬ್ಬರಷ್ಟೇ. ಟ್ರೋಮ್ಸೊ ಸುತ್ತಲಿನ ಫಿಯೋರ್ಡ್‌ಗಳಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಆ ಉದ್ದುದ್ದನೆಯ ಕಡಲ ಚಾಚುಗಳಲ್ಲಿ, ನೂರಾರು ವರ್ಷಗಳಿಂದ ಬಾಳಿದವರು ಕಡಲ ಸಾಮಿಗಳು. ಮೀನು ಹಿಡಿಯುವುದು, ನಾಲ್ಕಾರು ಕುರಿ, ಒಂದೆರಡು ಹಸು, ಬೇಸಿಗೆಯಲ್ಲಿ ಒಂದಿಷ್ಟು ಹುಲ್ಲು ಕೊಯ್ದು ಒಣಗಿಸಿಡುವುದು ಅವರ ಬದುಕು. ದಿರಿಸಿನಲ್ಲಿಯೂ ಮನೆಯ ಆಕಾರದಲ್ಲಿಯೂ ಅವರು ಕ್ರಮೇಣ ನಾರ್ವೇಜಿಯನ್ನರಿಂದ ಬೇರೆಯಾಗಿ ಕಾಣದಂತಾದರು. ನಿಮ್ಮ ಗೆಳತಿಯ ಮನೆತನವೂ ಅಂಥದ್ದೇ ಇರಬಹುದು. ಪ್ರವಾಸಿಗೆ ತೋರಿಸಲು ಅವರ ಬಳಿ ಹಿಮಸಾರಂಗವಿಲ್ಲ. ಹಾಗಾಗಿ ಅವರು ಯಾವ ಚಿತ್ರದಲ್ಲಿಯೂ ಕಾಣಿಸುವುದಿಲ್ಲ.

ಅವರು ಕಾಣದಂತಾದದ್ದು ತಾನಾಗಿ ನಡೆದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ನಾರ್ವೆಯ ಸರ್ಕಾರ ಸಾಮಿಗಳನ್ನು ನಾರ್ವೇಜಿಯನ್ನರನ್ನಾಗಿ ಮಾಡುವುದನ್ನೇ ನೀತಿಯಾಗಿ ಇಟ್ಟುಕೊಂಡಿತ್ತು. ಶಾಲೆಯಲ್ಲಿ ಸಾಮಿ ಭಾಷೆಗೆ ಜಾಗವಿರಲಿಲ್ಲ. ದೂರದ ಹಳ್ಳಿಗಳ ಮಕ್ಕಳನ್ನು ಏಳೆಂಟು ವರ್ಷಕ್ಕೇ ವಸತಿಶಾಲೆಗಳಿಗೆ ಸೇರಿಸುತ್ತಿದ್ದರು; ಅಲ್ಲಿ ಆಟದ ಬಯಲಿನಲ್ಲಿ ತಾಯಿನುಡಿ ಆಡಿದರೂ ಗದರುವವರಿದ್ದರು. 1902ರ ಭೂ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉತ್ತರದ ಫಿನ್‌ಮಾರ್ಕ್ ಪ್ರಾಂತ್ಯದಲ್ಲಿ ಸರ್ಕಾರದಿಂದ ಜಮೀನು ಕೊಳ್ಳಬೇಕಾದರೆ ನಾರ್ವೇಜಿಯನ್ ಬಲ್ಲವರಾಗಿರಬೇಕು, ದಿನನಿತ್ಯ ಅದನ್ನೇ ಬಳಸಬೇಕು ಎಂಬ ನಿಯಮ ಬಂತು. ಹೊಟ್ಟೆಪಾಡಿಗೆ ನೆಲ ಬೇಕೋ, ಮಾತು ಬೇಕೋ ಎಂದು ಕೇಳಿದಂತಾಯಿತು. ತಂದೆತಾಯಿಗಳು ಮಕ್ಕಳ ಮುಂದೆ ಸಾಮಿ ಮಾತನಾಡುವುದನ್ನು ನಿಲ್ಲಿಸಿದರು. ಮಕ್ಕಳಾದರೂ ಅವಮಾನವಿಲ್ಲದೆ ಬದುಕಲಿ ಎಂಬ ಪ್ರೀತಿಯಿಂದಲೇ ನಿಲ್ಲಿಸಿದರು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಒಮ್ಮೆ ಒಂದು ಫಿಯೋರ್ಡಿನ ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರ ಮನೆಗೆ ಹೋಗಿದ್ದೆ. ‘ನಮಗೆ ಸಾಮಿ ಬಾರದು, ನಾವು ಬರೀ ನಾರ್ವೇಜಿಯನ್ನರು’ ಎಂದು ಬಾಗಿಲಲ್ಲೇ ಹೇಳಿದರು. ನಾನು ಒತ್ತಾಯಿಸಲಿಲ್ಲ. ಕಾಫಿ ಕೊಟ್ಟು, ಕಿಟಕಿಯ ಬಳಿ ಕುಳಿತು ಉಣ್ಣೆಯ ಕೈಗವಸು ಹೆಣೆಯತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಹೆಣಿಗೆಯ ಕುಣಿಕೆ ಎಣಿಸುವ ಪಿಸುದನಿ ಕೇಳಿಸಿತು: ಒಕ್ತಾ, ಗುವೊಕ್ತೆ, ಗೊಲ್ಬ್ಮಾ, ನ್ಯೆಲ್ಲ್ಯೆ... ಒಂದು, ಎರಡು, ಮೂರು, ನಾಲ್ಕು. ಸಾಮಿಯಲ್ಲಿ ಎಣಿಸುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ಅವರ ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಜ್ಜಿಗೆ ಆ ಭಾಷೆ ಬರುತ್ತದೆಂದು ಅವಳಿಗೆ ತಿಳಿದದ್ದು ಆವತ್ತೇ.

ಇದರ ಮೇಲೆ ಯುದ್ಧದ ಹೊಡೆತ ಬೇರೆ. 1944ರ ಶರತ್ಕಾಲದಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಫಿನ್‌ಮಾರ್ಕನ್ನೂ ನಿಮ್ಮ ಟ್ರೋಮ್ಸ್ ಪ್ರಾಂತ್ಯದ ಉತ್ತರ ಭಾಗವನ್ನೂ ಲಿಂಗೆನ್ ಫಿಯೋರ್ಡಿನವರೆಗೆ ಸುಟ್ಟುಹಾಕಿತು. ಸುಮಾರು 50,000 ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸಿದರು. ಮನೆ, ದೋಣಿ, ಮಗ್ಗ, ಪೆಟ್ಟಿಗೆಯಲ್ಲಿಟ್ಟಿದ್ದ ಅಜ್ಜಿಯ ಉಡುಪು, ಎಲ್ಲವೂ ಬೂದಿಯಾದವು. ಯುದ್ಧ ಮುಗಿದ ಮೇಲೆ ಮರಳಿ ಬಂದವರು ಕಟ್ಟಿಕೊಂಡದ್ದು ಸರ್ಕಾರಿ ನಕ್ಷೆಯ ಒಂದೇ ಅಚ್ಚಿನ ಮನೆಗಳನ್ನು. ಈ ಕರಾವಳಿಯಲ್ಲಿ ಹಳೆಯ ಸಾಮಿ ಮನೆಗಳು ಯಾಕೆ ಕಾಣುವುದಿಲ್ಲ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ.

ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿ. ಟ್ರೋಮ್ಸೊದಿಂದ ಪೂರ್ವಕ್ಕೆ ಹೋದರೆ ಕೋಫ್ಯೋರ್ಡ್ ಎಂಬ ಪುರಸಭೆಯಿದೆ. ಸಾಮಿಯಲ್ಲಿ ಅದು ಗಾಯ್ವುವೊತ್ನಾ. ಫಿನ್ಲೆಂಡ್ ಕಡೆಯಿಂದ ವಲಸೆ ಬಂದ ಕ್ವೆನ್ ಜನರ ಭಾಷೆಯಲ್ಲಿ ಕೈವುವೊನೊ. ಇಂದು ಮೂರೂ ಹೆಸರುಗಳು ಅಧಿಕೃತ. ಆದರೆ 1990ರ ದಶಕದಲ್ಲಿ ಅಲ್ಲಿನ ರಸ್ತೆಬದಿಗೆ ಸಾಮಿ ಹೆಸರಿನ ಫಲಕ ನೆಟ್ಟಾಗ ಅದಕ್ಕೆ ಮತ್ತೆ ಮತ್ತೆ ಗುಂಡು ಹೊಡೆದರು. 2011ರಲ್ಲಿ ಟ್ರೋಮ್ಸೊ ನಗರವೇ ಸಾಮಿ ಭಾಷಾ ಆಡಳಿತ ಪ್ರದೇಶಕ್ಕೆ, ಅಂದರೆ ಸರ್ಕಾರಿ ಕಚೇರಿಗಳಲ್ಲಿ ಸಾಮಿಗೂ ನಾರ್ವೇಜಿಯನ್ನಿನಷ್ಟೇ ಸ್ಥಾನವಿರುವ ಪ್ರದೇಶಕ್ಕೆ, ಸೇರಬೇಕೆಂಬ ಪ್ರಸ್ತಾವ ಬಂದಾಗ ಊರಲ್ಲಿ ಕಹಿಯಾದ ಜಗಳವಾಯಿತು. ಚುನಾವಣೆಯ ನಂತರ ಬಂದ ಹೊಸ ನಗರಸಭೆ ಆ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ನಿಮ್ಮ ಗೆಳತಿ ಆಗ ಶಾಲೆಗೆ ಹೋಗುವ ಹುಡುಗಿ. ಪೇಟೆಯಲ್ಲಿ, ಬಸ್ಸಿನಲ್ಲಿ ದೊಡ್ಡವರು ಆಡಿದ ಮಾತುಗಳು ಅವಳ ಕಿವಿಗೂ ಬಿದ್ದಿರುತ್ತವೆ. ಹೊಸದಾಗಿ ಪರಿಚಯವಾದವರ ಮುಂದೆ ‘ನಾನು ಸಾಮಿ’ ಎನ್ನುವ ಮೊದಲು ಎದುರಿನವರನ್ನು ಅಳೆದು ನೋಡುವುದು ಅಲ್ಲಿ ಅನೇಕರಿಗೆ ರೂಢಿಯಾಗಿಬಿಟ್ಟಿದೆ. ಅವಳ ಮೌನವನ್ನು ನಿಮ್ಮ ಮೇಲಿನ ಅಪನಂಬಿಕೆ ಎಂದು ತಿಳಿಯಬೇಡಿ.

ಸರ್ಕಾರ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿದ್ದು ತೀರ ಈಚೆಗೆ. 1997ರಲ್ಲಿ ದೊರೆ ಐದನೆಯ ಹರಾಲ್ಡ್, ಸಾಮಿಗಳೇ ಆರಿಸುವ ಸಾಮಿ ಸಂಸತ್ತಿನಲ್ಲಿ ನಿಂತು, ಹಿಂದಿನ ನೀತಿಯಿಂದಾದ ಅನ್ಯಾಯಕ್ಕೆ ಕ್ಷಮೆ ಕೇಳಿದರು. ಆ ನೀತಿಯನ್ನೂ ಅದರ ಪರಿಣಾಮವನ್ನೂ ಪರಿಶೀಲಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ ತನ್ನ ವರದಿಯನ್ನು 2023ರ ಜೂನ್ 1ರಂದು ಒಪ್ಪಿಸಿತು. 2024ರ ನವೆಂಬರ್ 12ರಂದು ನಾರ್ವೆಯ ಸಂಸತ್ತು ಸಾಮಿಗಳಲ್ಲಿ, ಕ್ವೆನ್ ಜನರಲ್ಲಿ, ಹಿಂದೆ ಫಿನ್ಲೆಂಡ್ ಕಡೆಯಿಂದ ಬಂದು ಕಾಡುಗಳಲ್ಲಿ ನೆಲೆಸಿದ ಅರಣ್ಯ ಫಿನ್ ಜನರಲ್ಲಿ ಕ್ಷಮೆ ಕೋರಿತು. ಕ್ಷಮೆಯ ಜೊತೆಜೊತೆಗೇ ಹೊಸ ಜಗಳಗಳೂ ನಡೆದಿವೆ. ಫೋಸೆನ್ ಎಂಬಲ್ಲಿ ಹಿಮಸಾರಂಗಗಳ ಚಳಿಗಾಲದ ಮೇವಿನ ನೆಲದಲ್ಲಿ ಕಟ್ಟಿದ ಗಾಳಿಯಂತ್ರಗಳಿಂದ ಸಾಮಿಗಳ ಹಕ್ಕು ಉಲ್ಲಂಘನೆಯಾಗಿದೆ ಎಂದು 2021ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತೀರ್ಪು ಬಂದು ಐನೂರು ದಿನ ಕಳೆದರೂ ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು. 2023ರ ಫೆಬ್ರುವರಿಯಲ್ಲಿ ಸಾಮಿ ಯುವಜನರು ಓಸ್ಲೋದ ಸಚಿವಾಲಯದೊಳಗೆ ಹೋಗಿ ಕುಳಿತರು.

ಈಗ ಫೆಬ್ರುವರಿ 6ಕ್ಕೆ ಬರೋಣ. 1917ರಲ್ಲಿ ಅದೇ ದಿನ ಟ್ರೋನ್‌ಹೈಮ್ ನಗರದಲ್ಲಿ ಮೊದಲ ಸಾಮಿ ಮಹಾಸಭೆ ಸೇರಿತು. ಗಡಿಯಾಚೆ ಈಚೆಯ ಸಾಮಿಗಳು ಒಂದೆಡೆ ಕೂತು ತಮ್ಮ ಅಳಲನ್ನು ತಾವೇ ಮಾತನಾಡಿದ್ದು ಅದೇ ಮೊದಲು. ಅದನ್ನು ಕೂಡಿಸಿದವರಲ್ಲಿ ಮುಂದಾಳು ಎಲ್ಸಾ ಲೌಲಾ ರೆನ್‌ಬರ್ಗ್ ಎಂಬ ಮಹಿಳೆ. ನಾರ್ವೆಯಲ್ಲಿ ಮಹಿಳೆಯರಿಗೆಲ್ಲ ಮತದಾನದ ಹಕ್ಕು ಸಿಕ್ಕಿ ಆಗ ನಾಲ್ಕೇ ವರ್ಷವಾಗಿತ್ತು. 1993ರಿಂದ ಆ ದಿನವನ್ನು ಸಾಮಿಗಳ ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ನಿಮ್ಮ ಗೆಳತಿ ಆವತ್ತು ಉಟ್ಟು ಬಂದ ಉಡುಪಿಗೆ ಗಾಕ್ತಿ ಎಂದು ಹೆಸರು. ಅಂಚಿನ ಬಣ್ಣ, ಪಟ್ಟಿಗಳ ಸಾಲು, ಟೊಪ್ಪಿಗೆಯ ಆಕಾರ, ಸೊಂಟಪಟ್ಟಿಯ ಗುಂಡಿಗಳನ್ನು ನೋಡಿ ಬಲ್ಲವರು ಇವರು ಯಾವ ಸೀಮೆಯವರು, ಯಾವ ಮನೆತನದವರು, ಕೆಲವೆಡೆ ಮದುವೆಯಾಗಿದೆಯೇ ಇಲ್ಲವೇ ಎಂಬುದನ್ನೂ ಹೇಳಬಲ್ಲರು. ಕಡಲ ಸಾಮಿಗಳ ಹಲವು ಊರುಗಳಲ್ಲಿ ಗಾಕ್ತಿ ತೊಡುವುದೇ ನಿಂತುಹೋಗಿತ್ತು. ಹಳೆಯ ಚಿತ್ರಗಳನ್ನು, ಬರಹಗಳನ್ನು, ಉಳಿದ ಚಿಂದಿಗಳನ್ನು ಜೋಡಿಸಿಕೊಂಡು ಈಚಿನ ದಶಕಗಳಲ್ಲಿ ಅದನ್ನು ಮತ್ತೆ ಹೊಲಿದುಕೊಂಡರು. ನಿಮ್ಮ ಗೆಳತಿಯ ಅಜ್ಜಿ ಅದನ್ನು ಒಮ್ಮೆಯೂ ತೊಟ್ಟಿರಲಿಕ್ಕಿಲ್ಲ. ಮೊಮ್ಮಗಳು ತೊಟ್ಟು ತರಗತಿಗೆ ಬಂದಿದ್ದಾಳೆ ಎಂದರೆ ಅದರ ಹಿಂದೆ ಎಷ್ಟು ಧೈರ್ಯ ಇದೆ ಎಂದು ಯೋಚಿಸಿ.

‘ನಿಜವಾದ ಸಾಮಿ’ ಎಂಬ ಮಾತು ಚುಚ್ಚುವುದೂ ಇದಕ್ಕೇ. ಯಾರು ನಿಜ, ಯಾರು ಅಲ್ಲ ಎಂಬ ಪ್ರಶ್ನೆಯನ್ನು ನೂರು ವರ್ಷ ಹೊರಗಿನವರೇ ತೀರ್ಮಾನಿಸುತ್ತ ಬಂದಿದ್ದರು. ಇಂದು ಕರಾಶೋಕ್‌ನಲ್ಲಿರುವ ಸಾಮಿ ಸಂಸತ್ತು, ಸಾಮೆದಿಗ್ಗಿ, ತನ್ನ ಮತದಾರರ ಪಟ್ಟಿಗೆ ಇಟ್ಟಿರುವ ನಿಯಮ ನೋಡಿ: ತಾನು ಸಾಮಿ ಎಂದು ಮನಸಾರೆ ಭಾವಿಸಬೇಕು, ಜೊತೆಗೆ ತನ್ನ, ತಂದೆತಾಯಿಯ, ಅಜ್ಜ ಅಜ್ಜಿಯರ ಅಥವಾ ಮುತ್ತಜ್ಜ ಮುತ್ತಜ್ಜಿಯರ ಪೈಕಿ ಒಬ್ಬರ ಮನೆಮಾತಾದರೂ ಸಾಮಿಯಾಗಿರಬೇಕು. ಮುತ್ತಜ್ಜಿಯವರೆಗೆ ಹೋದದ್ದು ಸುಮ್ಮನೆ ಅಲ್ಲ. ನಡುವಿನ ಎರಡು ತಲೆಮಾರುಗಳಿಂದ ಮಾತನ್ನು ಕಸಿದುಕೊಂಡಿದ್ದರೆಂಬುದನ್ನು ಲೆಕ್ಕಕ್ಕೆ ಹಿಡಿದ ನಿಯಮ ಅದು.

ಆ ಸಂಸತ್ತು ಬಂದದ್ದು ಒಂದು ಸೋಲಿನಿಂದ. 1970ರ ದಶಕದಲ್ಲಿ ಅಲ್ಟಾ-ಕೌಟೊಕೆಯ್ನೊ ನದಿಗೆ ಅಣೆಕಟ್ಟು ಕಟ್ಟಲು ಹೊರಟರು. ಮೊದಲ ಯೋಜನೆಯಲ್ಲಿ ಮಾಜೆ ಎಂಬ ಸಾಮಿ ಹಳ್ಳಿಯೇ ಮುಳುಗುವುದಿತ್ತು. 1979ರ ಅಕ್ಟೋಬರ್‌ನಲ್ಲಿ ಸಾಮಿ ಯುವಕರು ಓಸ್ಲೋದ ಸಂಸತ್ ಭವನದ ಎದುರು ಲಾವ್ವು ಎಂಬ ತಮ್ಮ ಡೇರೆ ಹಾಕಿ ಉಪವಾಸ ಕುಳಿತರು. 1981ರ ಜನವರಿಯ ಕೊರೆಯುವ ಚಳಿಯಲ್ಲಿ ನೂರಾರು ಪೊಲೀಸರು ಬಂದು ಚಳವಳಿಗಾರರನ್ನು ಹೊತ್ತು ಸಾಗಿಸಿದರು. ಹಳ್ಳಿ ಉಳಿಯಿತು, ಅಣೆಕಟ್ಟು ಮಾತ್ರ 1987ರಲ್ಲಿ ಪೂರ್ತಿಯಾಯಿತು. ಆದರೆ ಆ ಹೋರಾಟ ದೇಶದ ಕಣ್ಣು ತೆರೆಸಿತು. ಅದೇ 1987ರಲ್ಲಿ ಸಾಮಿ ಕಾಯ್ದೆ ಬಂತು, ಮರುವರ್ಷ ಸಂವಿಧಾನದಲ್ಲಿ ವಿಧಿಯೊಂದು ಸೇರಿತು, 1989ರ ಅಕ್ಟೋಬರ್ 9ರಂದು ಸಾಮೆದಿಗ್ಗಿ ತೆರೆಯಿತು. ಬೇಡ್ತಿ ಅಣೆಕಟ್ಟಿನ ವಿರುದ್ಧದ ಹೋರಾಟದ ಹೆಸರು ಕೇಳಿ ಬೆಳೆದ ಸೀಮೆಯವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನೀವು ಹೋದ ಶಿಬಿರದ ಬಗ್ಗೆಯೂ ಒಂದು ಮಾತು. ಹೋದದ್ದು ತಪ್ಪಲ್ಲ. ಅಂಥ ಶಿಬಿರಗಳಲ್ಲಿ ಕೆಲವನ್ನು ಹಿಮಸಾರಂಗ ಸಾಕುವ ಸಾಮಿ ಕುಟುಂಬಗಳೇ ನಡೆಸುತ್ತವೆ. ಆ ಹಣದಿಂದ ಹಿಂಡು ಉಳಿಯುತ್ತದೆ. ಮುಂದಿನ ಸಲ ಯಾರನ್ನಾದರೂ ಕಳಿಸುವಾಗ ಶಿಬಿರ ಯಾರದ್ದು, ಮಾತನಾಡುವವರು ಯಾರು ಎಂದು ವಿಚಾರಿಸಿ ಕಳಿಸಿ. ಅಲ್ಲಿ ಕೇಳಬಾರದ ಒಂದು ಪ್ರಶ್ನೆಯಿದೆ: ‘ನಿಮ್ಮ ಬಳಿ ಎಷ್ಟು ಹಿಮಸಾರಂಗಗಳಿವೆ?’ ಅದು ಬ್ಯಾಂಕಿನಲ್ಲಿ ಎಷ್ಟು ಹಣವಿದೆ ಎಂದು ಕೇಳಿದಂತೆ. ಅದರ ಬದಲು ಈ ವರ್ಷ ಗುವೊಹ್ತುನ್ ಹೇಗಿದೆ ಎಂದು ಕೇಳಿ. ಹಿಮದಡಿಯ ಕಲ್ಲುಹೂವನ್ನು ಹಿಮಸಾರಂಗ ಗೊರಸಿನಿಂದ ಕೆರೆದು ತಿನ್ನಲು ಆಗುತ್ತದೆಯೇ ಇಲ್ಲವೇ ಎಂಬ ಸ್ಥಿತಿಗೆ ಆ ಒಂದು ಪದವಿದೆ. ಚಳಿಗಾಲದ ನಡುವೆ ಮಳೆ ಸುರಿದು, ಮತ್ತೆ ಹೆಪ್ಪುಗಟ್ಟಿದರೆ ನೆಲದ ಮೇಲೆ ಮಂಜುಗಡ್ಡೆಯ ಹಲಗೆ ಕೂತುಬಿಡುತ್ತದೆ. ಮೇವು ಕಾಲಡಿಯಲ್ಲೇ ಇದ್ದರೂ ಪ್ರಾಣಿಗೆ ಸಿಗುವುದಿಲ್ಲ. ಹವೆ ಬಿಸಿಯಾದಂತೆ ಇಂಥ ವರ್ಷಗಳು ಹೆಚ್ಚಾಗುತ್ತಿವೆ. ಆ ಪ್ರಶ್ನೆ ಕೇಳಿದರೆ ಎದುರಿನವರ ಮುಖವೇ ಬೇರೆಯಾಗುವುದನ್ನು ನೀವು ಕಾಣುತ್ತೀರಿ.

ಡೇರೆಯಲ್ಲಿ ಕೇಳಿದ ಹಾಡು ಯೊಯ್ಕ್. ಅದನ್ನು ವಿವರಿಸಲು ಕನ್ನಡದ ವಿಭಕ್ತಿ ನೆರವಿಗೆ ಬರುತ್ತದೆ. ಸಾಮಿಗಳು ಅಮ್ಮನ ಬಗ್ಗೆ ಯೊಯ್ಕ್ ಹಾಡುವುದಿಲ್ಲ, ಅಮ್ಮನನ್ನೇ ಹಾಡುತ್ತಾರೆ. ಬೆಟ್ಟವನ್ನು ಹಾಡುತ್ತಾರೆ, ತೋಳವನ್ನು ಹಾಡುತ್ತಾರೆ. ಹಾಡುವಷ್ಟು ಹೊತ್ತು ಆ ವ್ಯಕ್ತಿ ಅಲ್ಲಿರುತ್ತಾರೆ ಎಂಬ ನಂಬಿಕೆ. ಎಷ್ಟೋ ಯೊಯ್ಕ್‌ಗಳಲ್ಲಿ ಪದಗಳೇ ಇಲ್ಲ, ಇದ್ದರೂ ಎರಡೋ ಮೂರೋ. ಒಬ್ಬರ ಯೊಯ್ಕ್ ಆ ಒಬ್ಬರದ್ದು, ಅದನ್ನು ಕಟ್ಟಿದವರದ್ದಲ್ಲ. ಪಾದ್ರಿಗಳು ಅದನ್ನು ಪಾಪವೆಂದರು. ಎಷ್ಟೋ ಶಾಲೆಗಳ ಆವರಣದಲ್ಲಿ ಅದಕ್ಕೆ ನಿಷೇಧವಿತ್ತು. ಕವಿ ನಿಲ್ಸ್ ಆಸ್ಲಾಕ್ ವಾಲ್ಕೆಯಪಾ ಅದನ್ನು ಎದೆಯುಬ್ಬಿಸಿ ವೇದಿಕೆಗೆ ತಂದರು. 1991ರಲ್ಲಿ ನಾರ್ಡಿಕ್ ಪರಿಷತ್ತಿನ ಸಾಹಿತ್ಯ ಪ್ರಶಸ್ತಿ ಪಡೆದವರು ಅವರು. 1994ರ ಲಿಲೆಹಾಮರ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅವರ ಯೊಯ್ಕ್ ಜಗತ್ತಿಗೇ ಕೇಳಿಸಿತು. ಇಷ್ಟು ತಿಳಿದ ಮೇಲೆ, ಒಬ್ಬರ ಮನೆಯಲ್ಲಿ ಯೊಯ್ಕ್ ಶುರುವಾದರೆ ಮೊಬೈಲ್ ಹೊರತೆಗೆಯಬಾರದು ಎಂದು ಬೇರೆ ಹೇಳಬೇಕಿಲ್ಲ.

ಕನ್ನಡದವರಾದ ನಿಮಗೆ ಒಂದು ಬಾಗಿಲು ಉಳಿದ ವಿದೇಶಿ ವಿದ್ಯಾರ್ಥಿಗಳಿಗಿಂತ ಸಲೀಸಾಗಿ ತೆರೆಯುತ್ತದೆ. ಅದು ಭಾಷೆಯ ಬಾಗಿಲು. ಸಾಮಿ ಎಂಬುದು ಒಂದೇ ಭಾಷೆಯಲ್ಲ. ದಕ್ಷಿಣ ಸಾಮಿ, ಲೂಲೆ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ ಹೀಗೆ ಹಲವು ಇವೆ. ಹೆಚ್ಚು ಜನ ಆಡುವುದು ಉತ್ತರ ಸಾಮಿಯನ್ನು. ಇವು ಯುರಾಲಿಕ್ ಕುಟುಂಬದವು, ಫಿನ್ನಿಶ್‌ಗೆ ನೆಂಟರು. ನಾರ್ವೇಜಿಯನ್ನಿಗೆ ಏನೂ ಸಂಬಂಧವಿಲ್ಲ. ಕನ್ನಡಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ವ್ಯಾಕರಣದ ಪುಸ್ತಕ ತೆರೆದರೆ ಊರಿಗೆ ಬಂದಂತೆ ಅನಿಸುತ್ತದೆ. ಅಲ್ಲಿ ವಿಭಕ್ತಿಗಳಿವೆ. ‘ನಾವಿಬ್ಬರು’ ಎನ್ನಲು ಮೊಆಯ್, ಮೂವರು ಅಥವಾ ಅದಕ್ಕಿಂತ ಹೆಚ್ಚಾದರೆ ಮೀ. ಸಂಸ್ಕೃತ ತರಗತಿಯಲ್ಲಿ ಕಂಠಪಾಠ ಮಾಡಿದ ದ್ವಿವಚನ ಇಲ್ಲಿ ಮನೆಮಾತಿನಲ್ಲಿ ಓಡಾಡುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನೆಂಟರ ಹೆಸರುಗಳು. ನಾರ್ವೇಜಿಯನ್ ಮಾತನಾಡುವವರಿಗೆ ಅಮ್ಮನ ಅಕ್ಕ, ಅಮ್ಮನ ತಂಗಿ, ಅಪ್ಪನ ಸೋದರಿ ಎಲ್ಲರೂ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ. ಸಾಮಿಯಲ್ಲಿ ಹಾಗಲ್ಲ. ಅಮ್ಮನ ಅಕ್ಕ ಗೊವಾಸ್ಕಿ, ಅಮ್ಮನ ತಂಗಿ ಮುವೊಥ್ಥಾ. ಅಪ್ಪನ ಅಣ್ಣ ಎಆಹ್ಕಿ, ಅಪ್ಪನ ತಮ್ಮ ಚೆಆಹ್ತ್ಸಿ. ಅಮ್ಮನ ಅಣ್ಣತಮ್ಮಂದಿರು ಎಆನು, ಅಪ್ಪನ ಅಕ್ಕತಂಗಿಯರು ಸಿಯೆಸ್ಸಾ. ದೊಡ್ಡಮ್ಮ, ಚಿಕ್ಕಮ್ಮ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ! ಭೂಮಿಯ ಎರಡು ಮೂಲೆಗಳಲ್ಲಿ ಎರಡು ಜನಾಂಗದವರು ನೆಂಟರನ್ನು ಒಂದೇ ಬಗೆಯಲ್ಲಿ ಬೇರ್ಪಡಿಸಿ ಕರೆಯುತ್ತಾರೆ. ಇದನ್ನು ಮೊದಲು ಕೇಳಿದ ದಿನ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಉತ್ತರ ಸಾಮಿಯನ್ನು ಕಲಿಸುತ್ತಾರೆ. ಆರಂಭದ ಪಾಠ ಯಾವ ಭಾಷೆಯ ಮೂಲಕ ನಡೆಯುತ್ತದೆ ಎಂದು ವಿಚಾರಿಸಿ ಸೇರಿಕೊಳ್ಳಿ. ಬುರೆಸ್ ಎಂದರೆ ನಮಸ್ಕಾರ, ಗೀಹ್ತು ಎಂದರೆ ಧನ್ಯವಾದ. ಅಂಗಡಿಯಲ್ಲಿ ಇವೆರಡನ್ನು ಬಳಸಿದರೂ ಸಾಕು, ಮಾತು ಶುರುವಾಗುತ್ತದೆ.

ನೋಡಬೇಕಾದ ಜಾಗಗಳಿಗೆ ದೂರ ಹೋಗಬೇಕಿಲ್ಲ. ನಗರದ ದಕ್ಷಿಣ ತುದಿಯಲ್ಲಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವಿದೆ, ಆ ಸಂಗ್ರಹಾಲಯ 1872ರಲ್ಲಿ ಶುರುವಾದದ್ದು. ಅಲ್ಲಿನ ಸಾಮಿ ಪ್ರದರ್ಶನಕ್ಕೆ ಅರ್ಧ ದಿನ ಕೊಡಿ. ನಿಮ್ಮ ಕ್ಯಾಂಪಸ್ಸಿನಲ್ಲಿಯೇ ಆರ್ದ್ನಾ ಎಂಬ ಸಾಮಿ ಮನೆಯಿದೆ, ನಡುವೆ ಒಲೆಯುಳ್ಳದ್ದು. ಅಲ್ಲಿ ನಡೆಯುವ ಸಭೆಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಸಾಮಿ ಡೇರೆಯಲ್ಲಿ ಒಲೆಯ ಹಿಂದಿನ ಜಾಗಕ್ಕೆ ಬೊವಾಶ್ಶು ಎನ್ನುತ್ತಾರೆ. ಹಿಂದೆ ಅದು ಪವಿತ್ರ ಸ್ಥಳ, ಅದನ್ನು ದಾಟಿ ನಡೆಯುವಂತಿರಲಿಲ್ಲ. ದೇವರ ಮನೆಯ ಹೊಸ್ತಿಲು ತುಳಿಯಬಾರದೆಂದು ಕಲಿತವರಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ.

ಜುಲೈವರೆಗೆ ಅಲ್ಲಿದ್ದರೆ ಮಾತ್ರ ಕೋಫ್ಯೋರ್ಡಿನ ಮಾನ್‌ಡಾಲೆನ್ ಕಣಿವೆಗೆ ತಪ್ಪದೆ ಹೋಗಿ. ಅಲ್ಲಿನ ಕೆಲವು ಯುವಕ ಯುವತಿಯರು ತಾವು ಕಡಲ ಸಾಮಿಗಳೆಂದು ನಾಚಿಕೆಯಿಲ್ಲದೆ ಹೇಳಿಕೊಳ್ಳಬೇಕೆಂದು 1991ರಲ್ಲಿ ಒಂದು ಸಣ್ಣ ಹಬ್ಬ ಶುರುಮಾಡಿದರು. ಕರಾವಳಿಯ ಪುಟ್ಟ ಬಿರುಗಾಳಿ ಎಂಬ ಅರ್ಥದ ರಿದ್ದು ರಿಧ್ಧು ಎಂದು ಅದರ ಹೆಸರು. ಇಂದು ಜಗತ್ತಿನ ನಾನಾ ಮೂಲನಿವಾಸಿಗಳು ಅಲ್ಲಿ ಸೇರುತ್ತಾರೆ. ಅದೇ ಕಣಿವೆಯಲ್ಲಿ ಹೆಂಗಸರು ಗೋಡೆಗೆ ಒರಗಿಸಿದ ನಿಲುಮಗ್ಗದಲ್ಲಿ, ಹಾಸಿನ ಎಳೆಗಳ ತುದಿಗೆ ಕಲ್ಲು ಕಟ್ಟಿ, ದಪ್ಪ ಉಣ್ಣೆಯ ಕಂಬಳಿ ನೇಯುತ್ತಾರೆ. ಉತ್ತರ ಯುರೋಪಿನ ಉಳಿದ ಕಡೆಗಳಲ್ಲಿ ಬಹುಪಾಲು ಅಳಿದುಹೋದ ಮಗ್ಗ ಇಲ್ಲಿ ಉಳಿದದ್ದು ಈ ಕಡಲ ಸಾಮಿ ಹೆಂಗಸರಿಂದ. ಊರು ಸುಟ್ಟರೂ ಕೈಗಳಲ್ಲಿ ಕಸುಬು ಉಳಿದಿತ್ತು. ನೇಯ್ಗೆಯ ಎದುರು ಕುಳಿತರೆ ಹಿರಿಯರು ತಾವಾಗಿ ಮಾತನಾಡುತ್ತಾರೆ.

ಕೊಳ್ಳುವ ಆಸೆಯಾದರೆ ‘ಸಾಮಿ ದುವೊಜ್ಜಿ’ ಎಂಬ ಗುರುತುಚೀಟಿ ನೋಡಿ ಕೊಳ್ಳಿ. ದುವೊಜ್ಜಿ ಎಂದರೆ ಸಾಮಿ ಕೈಕಸುಬು. ಬರ್ಚ್ ಮರದ ಗಂಟನ್ನು ಕೊರೆದು ಮಾಡಿದ ಗುಕ್ಸಿ ಎಂಬ ಬಟ್ಟಲು ಅಗ್ಗವಲ್ಲ. ತಿಂಗಳುಗಟ್ಟಲೆ ಒಣಗಿಸಿ ಮಾಡುವ ವಸ್ತು ಅಗ್ಗವಾಗಿ ಸಿಕ್ಕರೆ ಅದು ಬೇರೆಲ್ಲಿಂದಲೋ ಬಂದದ್ದು. ಗಾಕ್ತಿಯಂತೆ ಕಾಣುವ ಅಂಗಿ, ನಾಲ್ಕು ಮೂಲೆಯ ಟೊಪ್ಪಿಗೆಗಳನ್ನು ಮೋಜಿಗೆಂದು ತೊಡಬೇಡಿ.

ಇನ್ನು ನಿಮ್ಮ ಪ್ರಬಂಧದ ವಿಷಯ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ. ಸಂಶೋಧಕರ ಹೆಸರಿನಲ್ಲಿ ಸಾಮಿಗಳಿಗೆ ಆದ ನೋವು ಸಣ್ಣದಲ್ಲ. ಕೌಟೊಕೆಯ್ನೊ ಊರಿನ ಸಾಮಿಗಳು 1852ರಲ್ಲಿ ಎಬ್ಬಿಸಿದ ದಂಗೆಯ ನಂತರ, 1854ರಲ್ಲಿ ಆಸ್ಲಾಕ್ ಹೆಟ್ಟಾ, ಮೊನ್ಸ್ ಸೋಂಬಿ ಎಂಬ ಇಬ್ಬರ ತಲೆ ಕಡಿದರು. ಅವರ ತಲೆಬುರುಡೆಗಳನ್ನು ‘ವಿಜ್ಞಾನ’ಕ್ಕೆಂದು ಒಯ್ದು ಇಟ್ಟುಕೊಂಡರು. ವಂಶಸ್ಥರು ಹಟ ಹಿಡಿದು ಕೇಳಿ, 1997ರಲ್ಲಿ ಅವನ್ನು ಮರಳಿ ತಂದು ಮಣ್ಣು ಮಾಡಿದರು. ನೆಯ್ಡೆನ್ ಎಂಬಲ್ಲಿ ಸ್ಕೋಲ್ಟ್ ಸಾಮಿಗಳ ಸಮಾಧಿಗಳನ್ನು 1915ರಲ್ಲಿ ಅಗೆದು ಒಯ್ದ ಅಸ್ಥಿಗಳು 2011ರವರೆಗೆ ಹಿಂತಿರುಗಲಿಲ್ಲ. ಪೋಲಾ ಆಂದೆ ಎಂಬ ವೃದ್ಧನಿಂದ 1691ರಲ್ಲಿ ಕಿತ್ತುಕೊಂಡ ಪೂಜೆಯ ಡೋಲು ಡೆನ್ಮಾರ್ಕಿಗೆ ಹೋಗಿ, ಅದರ ಒಡೆತನ ಸಾಮಿಗಳಿಗೆ ಮರಳಿದ್ದು 2022ರಲ್ಲಿ. ಇಂದು ಅದು ಕರಾಶೋಕ್‌ನ ಸಾಮಿ ವಸ್ತುಸಂಗ್ರಹಾಲಯದಲ್ಲಿದೆ. ಕೈಯಲ್ಲಿ ಪ್ರಶ್ನಾವಳಿ ಹಿಡಿದು ಬಂದ ಹೊಸಬರನ್ನು ಕಂಡಾಗ ಹಿರಿಯರಿಗೆ ಇವೆಲ್ಲ ನೆನಪಾಗುತ್ತವೆ.

ಹಾಗಾಗಿ ಮೊದಲ ವರ್ಷವೇ ಸಂದರ್ಶನ ಬೇಡ. ನಿಮ್ಮ ವಿಶ್ವವಿದ್ಯಾಲಯದ ಸಾಮಿ ಅಧ್ಯಯನ ಕೇಂದ್ರದವರ ಜೊತೆ ಮಾತನಾಡಿ. ಸಾಮಿಗಳೇ ಬರೆದ ಅಧ್ಯಯನಗಳು ಈಗ ಸಾಕಷ್ಟಿವೆ, ಅವನ್ನು ಓದಿ. ಆಮೇಲೂ ಕೇಳಲೇಬೇಕಾದ ಪ್ರಶ್ನೆ ಉಳಿದರೆ, ಅದರ ಉತ್ತರದಿಂದ ಆ ಊರಿಗೆ ಏನು ಮರಳಿ ಕೊಡುತ್ತೀರಿ ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿ. ಬರೆದದ್ದನ್ನು ಅವರಿಗೆ ಓದಿ ತೋರಿಸಿ. ಬೇಡವೆಂದ ಸಾಲನ್ನು ತೆಗೆದುಬಿಡಿ. ವಸತಿಶಾಲೆಯ ಬಗ್ಗೆ ನೀವಾಗಿ ಎತ್ತಬೇಡಿ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಊಟದ ಬಗ್ಗೆ ನೀವು ಕೇಳಿಲ್ಲ. ಆದರೂ ಯಾರಾದರೂ ಮನೆಗೆ ಕರೆದರೆ ಬೇಕಾಗುತ್ತದೆ. ಹಬ್ಬದ ಅಡುಗೆ ಬಿದೋಸ್, ಹಿಮಸಾರಂಗದ ಮಾಂಸ, ಆಲೂಗಡ್ಡೆ, ಕ್ಯಾರೆಟ್ ಹಾಕಿ ಕುದಿಸಿದ ಸಾರು. ನೀವು ಮಾಂಸ ತಿನ್ನದವರಾದರೆ ಕರೆದ ದಿನವೇ ನೇರವಾಗಿ ತಿಳಿಸಿ. ಊಟಕ್ಕೆ ಕುಳಿತ ಮೇಲೆ ತಟ್ಟೆ ಸರಿಸಬೇಡಿ. ಕೆಂಡದ ಮೇಲೆ ಸುಟ್ಟ ಗಾಹ್ಕು ರೊಟ್ಟಿ, ಜೌಗುನೆಲದಲ್ಲಿ ಬೆಳೆಯುವ ಹಳದಿ ಬಣ್ಣದ ಲುವೊಮಿ ಹಣ್ಣು, ಮೇಲೆ ಕಡು ಕಾಫಿ ಇದ್ದೇ ಇರುತ್ತದೆ. ಕಾಫಿಯನ್ನು ಮಾತ್ರ ಬೇಡವೆನ್ನಬೇಡಿ.

ಕೊನೆಯದಾಗಿ ನಿಮ್ಮ ಗೆಳತಿ. ಕ್ಷಮೆಯನ್ನು ಎರಡು ವಾಕ್ಯದಲ್ಲಿ ಕೇಳಿ. ‘ಆವತ್ತು ನಿನ್ನೆದುರು ನಿಜವಾದ ಸಾಮಿ ಎಂದುಬಿಟ್ಟೆ, ಆ ಮಾತು ತಪ್ಪು. ನನಗೆ ತಿಳಿದಿರಲಿಲ್ಲ’ ಎಂದರೆ ಸಾಕು. ಅದಕ್ಕಿಂತ ಉದ್ದವಾದರೆ ಅವಳೇ ನಿಮ್ಮನ್ನು ಸಮಾಧಾನ ಮಾಡುತ್ತ ಕೂರಬೇಕಾಗುತ್ತದೆ. ಅವಳ ಮನೆತನದ ಕಥೆ ಕೇಳಲು ಅವಸರ ಮಾಡಬೇಡಿ. ಅವಳ ಮನೆಯಲ್ಲಿಯೇ ಆ ಕಥೆಯನ್ನು ಯಾರೂ ಪೂರ್ತಿ ಹೇಳಿರಲಿಕ್ಕಿಲ್ಲ. ಒಂದು ಸಂಜೆ ನಿಮ್ಮ ಕೋಣೆಗೆ ಚಹಾ ಕುಡಿಯಲು ಕರೆಯಿರಿ. ಕನ್ನಡದಲ್ಲಿ ಅಮ್ಮನ ಅಕ್ಕನಿಗೆ ಒಂದು ಹೆಸರು, ತಂಗಿಗೆ ಇನ್ನೊಂದು ಹೆಸರು ಎಂದು ಹೇಳಿ, ನಿಮ್ಮ ದೊಡ್ಡಮ್ಮನ ಮನೆಯ ಕಥೆಯನ್ನು ಮೊದಲು ನೀವು ಹೇಳಲು ಶುರುಮಾಡಿ.